ಎಡಗಡೆಯ ಸ್ಪೀಕರ್

ನಮ್ಮ ಯಜಮಾನರು ಬದರಿನಾಥರ ಕಿವಿಯ ವಿಷಯ ಜಯನಗರದಲ್ಲಿ ಸಂಗೀತದ ಹುಚ್ಚು ಹತ್ತಿದವರಿಗೆಲ್ಲ ಗೊತ್ತು. ಟೆಲಿಫೋನ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ರಿಸೀವರುಗಳನ್ನು ಕಿವಿಗಿಟ್ಟುಕೊಂಡೇ ರಿಟೈರಾದವರು. ನನ್ನನ್ನು ನೋಡಲು ಬಂದ ದಿನ ನಾನು ಹೆದರಿ ಹೆದರಿ ಹಾಡಿ ಮುಗಿಸಿದರೆ, ಈ ಮಹಾನುಭಾವರು "ತಂಬೂರಿ ಪಂಚಮ ಒಂಚೂರು ಇಳಿದಿದೆ" ಎಂದರು. ಸಂಬಂಧ ಮುರಿದುಬಿತ್ತು ಅಂತ ನಮ್ಮಪ್ಪ ತಲೆ ಮೇಲೆ ಕೈಹೊತ್ತು ಕೂತರು. ನನಗೂ ಮೈಯೆಲ್ಲ ಉರಿದಿತ್ತು. ಆದರೂ ಒಪ್ಪಿಕೊಂಡೆ, ಏಕೆಂದರೆ ಶ್ರುತಿ ಇಳಿದದ್ದು ನಿಜವೇ ಆಗಿತ್ತು.

ದುಬಾರಿ ಆಂಪ್ಲಿಫೈಯರ್ ಕೊಳ್ಳುವ ಮುಂಚೆ ಜನ ಅದನ್ನು ನಮ್ಮ ಹಾಲಿಗೆ ಹೊತ್ತು ತರುತ್ತಾರೆ. ಎರಡು ಡಬ್ಬಗಳನ್ನು ಅಕ್ಕಪಕ್ಕ ಇಟ್ಟು ಮೇಲೆ ಇವರ ಹಳೆಯ ಪಂಚೆ ಹೊದಿಸುವುದು ನಮ್ಮ ಮನೆಯ ವಾಡಿಕೆ. ಕಂಪನಿಯ ಹೆಸರು ಕಣ್ಣಿಗೆ ಬಿದ್ದರೆ ಕಿವಿ ಮರುಳಾಗುತ್ತದಂತೆ. ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಬಾರದೆಂದು ಎರಡರ ವಾಲ್ಯೂಮನ್ನೂ ಮೀಟರ್ ಹಿಡಿದು ಸಮ ಮಾಡುತ್ತಾರೆ. ಆಮೇಲೆ ಅದೇ ವೀಣೆಯ ರೆಕಾರ್ಡು, ಅದೇ ಕಾಂಬೋಧಿ ರಾಗ, ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ. ಅದು ಮುಗಿಯುವವರೆಗೆ ನಾನು ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಸುವಂತಿಲ್ಲ.

ಆ ವಾರ ಜೆ.ಪಿ. ನಗರದಲ್ಲಿ ಆಡಿಯೋ ಅಂಗಡಿ ಇಟ್ಟಿರುವ ರವಿಕಿರಣ್ ಎರಡು ಆಂಪ್ಲಿಫೈಯರ್ ತಂದಿಟ್ಟಿದ್ದರು. ಒಂದು ಹಳೆ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವಿನದು, ದೇವರ ಮುಂದಿನ ದೀಪದ ಹಾಗೆ ಮೆಲ್ಲಗೆ ಉರಿಯುತ್ತದೆ. ಇನ್ನೊಂದು ಟ್ರಾನ್ಸಿಸ್ಟರಿನದು, ಎತ್ತಲು ಇಬ್ಬರು ಬೇಕು. ಯಾವುದು ಮೇಲೆಂದು ಭಾನುವಾರ ಇವರು ತೀರ್ಪು ಕೊಡಬೇಕಿತ್ತು.

ಸೋಮವಾರ ಬೆಳಿಗ್ಗೆ ವಾಲ್ವಿನದನ್ನು ಹಾಕಿ ಕೂತವರು ಮುಖ ಗಂಟಿಕ್ಕಿದರು. "ಎಡಗಡೆ ಡಲ್ಲಾಗಿದೆ" ಎಂದರು. ಇನ್ನೊಂದನ್ನು ಹಾಕಿದರು. ಅದರಲ್ಲೂ ಎಡಗಡೆ ಸತ್ತಿತ್ತು. ವೈರು ಬದಲಾಯಿಸಿದರು. ಮಾರನೆಯ ದಿನ ಸ್ಪೀಕರುಗಳನ್ನೇ ಎಳೆದಾಡಿ ಅದಲು ಬದಲು ಮಾಡಿದರು. ಬಲಗಡೆಯ ಒಳ್ಳೆಯ ಸ್ಪೀಕರೂ ಎಡಗಡೆಗೆ ಹೋದ ಕೂಡಲೇ ಕೆಟ್ಟಿತು. ಆಗ ಸಿಕ್ಕಿಬಿದ್ದವಳು ನಾನು. ಎಡಗಡೆ ಕಿಟಕಿಯ ಪರದೆಯನ್ನು ಒಗೆಯಲು ತೆಗೆದಿದ್ದೆ.

"ಪರದೆ ಇಲ್ದೆ ಸೌಂಡು ಗಾಜಿಗೆ ಬಡಿದು ಹಾಳಾಗ್ತಿದೆ ಕಣೇ. ಈಗಲೇ ಒಗಿ ಅಂತ ಯಾರು ಹೇಳಿದ್ರು ನಿಂಗೆ?"

"ದೀಪಾವಳಿಯಿಂದ ಒಗೆದಿಲ್ಲ ಅದನ್ನ. ಧೂಳು ಮಾತ್ರ ಕೇಳಿಸಲ್ಲ ನಿಮ್ಮ ಕಿವಿಗೆ."

ಹಾಳಾಗಿ ಹೋಗಲಿ ಎಂದು ಹಸಿ ಪರದೆಯನ್ನೇ ತಂದು ನೇತುಹಾಕಿದೆ. ನೆಲವೆಲ್ಲ ತೊಟ್ಟಿಕ್ಕಿತು. ಎಡಗಡೆ ಮಾತ್ರ ಹಾಗೆಯೇ ಇತ್ತು.

ಬುಧವಾರ ಫೋನ್ ಬಂದಾಗ ಇವರು ಅದನ್ನು ಬಲಗಿವಿಗೆ ಇಟ್ಟುಕೊಂಡರು. ಕಾರ್ಖಾನೆಯ ಕಾಲದಿಂದ ಇವರು ಫೋನ್ ಇಟ್ಟುಕೊಳ್ಳುವುದು ಎಡಗಿವಿಗೆ. ನಾನು ಎಡಪಕ್ಕ ನಿಂತು "ಕಾಫಿ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಎಂದೆ. ಒಳಗೆ ಹೋಗಿ ನನ್ನ ತಂಗಿಯ ಮಗಳು ತನ್ಮಯಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು.

"ದೊಡ್ಡಮ್ಮ, ಒಂದೇ ಕಿವಿ ಹೀಗೆ ಇದ್ದಕ್ಕಿದ್ದಂಗೆ ಹೋದ್ರೆ ಅದು ಎಮರ್ಜೆನ್ಸಿ. ಬೇಗ ಔಷಧಿ ಶುರು ಮಾಡಿದ್ರೆ ವಾಪಸ್ ಬರೋ ಚಾನ್ಸ್ ಇರುತ್ತೆ. ತಡ ಆದಷ್ಟೂ ಕಷ್ಟ. ಇವತ್ತೇ ಕರ್ಕೊಂಡ್ ಬಾ."

ಇವರನ್ನು ಹೊರಡಿಸುವುದು ಅಷ್ಟು ಸುಲಭವೇ? "ಆಂಪ್ಲಿಫೈಯರ್ ಕೆಟ್ರೆ ಮನುಷ್ಯನ್ನ ಆಸ್ಪತ್ರೆಗೆ ಸೇರಿಸ್ತೀಯಾ?" ಎಂದರು. ಬೇಡಿಕೊಂಡೆ, ಬೈದೆ, ಅತ್ತೆ. ಅಡುಗೆ ಮಾಡದೆ ಮಲಗಿದೆ. ಇವರು ಮೊಸರನ್ನ ಕಲಸಿಕೊಂಡು ತಿಂದು ಮತ್ತೆ ಸ್ಕ್ರೂಡ್ರೈವರ್ ಹಿಡಿದರು. ಹೊತ್ತು ಸುಮ್ಮನೆ ಜಾರುತ್ತಿತ್ತು. ಇಡೀ ಜಯನಗರದ ಕಿವಿ ಹಿಂಡುವ ಮನುಷ್ಯ ತನ್ನ ಕಿವಿಯನ್ನೇ ಕೈಯಾರೆ ಕಳೆದುಕೊಳ್ಳುತ್ತಿದ್ದರು.

ಗುರುವಾರ ಬೆಳಿಗ್ಗೆ ಇವರು ರವಿಕಿರಣರಿಗೆ ಫೋನ್ ಮಾಡಿ "ಎರಡೂ ಕೆಟ್ಟಿದೆ ಕಣ್ರೀ, ತಗೊಂಡ್ಹೋಗಿ" ಎಂದು ಕೂಗಾಡಿದರು. ಪಾಪ, ಆತ ಓಡೋಡಿ ಬಂದರು. ಮೀಟರ್ ಹಿಡಿದು ಎರಡೂ ಸ್ಪೀಕರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು.

"ಸಾರ್, ಎರಡೂ ಕಡೆ ಸಮ ಇದೆಯಲ್ಲ."

"ಹಾಗಾದ್ರೆ ನಿಮ್ಮ ಮೀಟರ್ ಸರಿಯಿಲ್ಲ."

ನನ್ನ ಸಹನೆ ಅಲ್ಲಿಗೆ ಮುಗಿಯಿತು. ನಡುವೆ ಹೋಗಿ ನಿಂತೆ.

"ಆಂಪ್ಲಿಫೈಯರ್ ಬದಲಾಯ್ಸಿದ್ರಿ, ವೈರು, ಸ್ಪೀಕರು, ನನ್ನ ಪರದೆ, ಎಲ್ಲಾ ಆಯ್ತು. ಬದಲಾಯ್ಸದೆ ಇರೋದು ನಿಮ್ಮನ್ನೊಬ್ಬರನ್ನೇ. ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತ್ಕೊಳ್ಳಿ."

"ಬೆನ್ನು ಹಾಕಿ ಯಾರಾದ್ರೂ ಸಂಗೀತ ಕೇಳ್ತಾರೇನೇ ವಾರಿಜಾ?"

"ಪಂಚೆ ಹೊದಿಸಿ ಕೇಳ್ತಾರಾ? ಪರೀಕ್ಷೆ ಅಂದ್ರೆ ಪರೀಕ್ಷೆ. ಎದುರಿಗಿದ್ದವರಿಗೆಲ್ಲ ಹೇಳ್ತೀರಲ್ಲ."

ರವಿಕಿರಣ್ ಕುರ್ಚಿ ತಿರುಗಿಸಿದರು. ಇವರು ಗೊಣಗುತ್ತ ಕೂತು ಕಣ್ಣು ಮುಚ್ಚಿದರು. ನಾನು ವೀಣೆ ಹಾಕಿದೆ. ಈಗ ಎಡಗಡೆ ಸತ್ತಿದ್ದ ಸ್ಪೀಕರ್ ಇವರ ಬಲಕ್ಕಿತ್ತು, ಚೆನ್ನಾಗಿದ್ದದ್ದು ಎಡಕ್ಕೆ. ಇವರ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಬೆರಳು ಸ್ವಲ್ಪ ಹೊತ್ತಿನಲ್ಲೇ ನಿಂತಿತು. ಬಲಕ್ಕೆ ತಿರುಗಿ ಸತ್ತ ಸ್ಪೀಕರನ್ನು ನೋಡಿದರು. ಎಡಕ್ಕೆ ತಿರುಗಿ ಇನ್ನೊಂದನ್ನು ನೋಡಿದರು. ಆಮೇಲೆ ನಿಧಾನವಾಗಿ ಕೈಯೆತ್ತಿ ಬಲಗಿವಿಗೆ ಬೆರಳಿಟ್ಟು ಗಟ್ಟಿಯಾಗಿ ಒತ್ತಿಕೊಂಡರು.

ವೀಣೆ ಮೆಲ್ಲಗೆ ನುಡಿಯುತ್ತಲೇ ಇತ್ತು.

"ನಿಲ್ಲಿಸಿಬಿಟ್ಯಾ?" ಎಂದು ನನ್ನನ್ನು ಕೇಳಿದರು.

ಇಲ್ಲ ಎಂದೆ. ಅದೂ ಅವರಿಗೆ ಕೇಳಿಸಲಿಲ್ಲ.

ರವಿಕಿರಣರ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ಗಾಜಿನ ಕೋಣೆಯಲ್ಲಿ ಇವರ ತಲೆಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದರೆ ಬೆರಳೆತ್ತಲು ತನ್ಮಯಿ ಹೇಳಿದಳು. ಬಲಗಿವಿಗೆ ಬೆರಳು ಮತ್ತೆ ಮತ್ತೆ ಎದ್ದಿತು. ಎಡಗಿವಿಯ ಸರದಿ ಬಂದಾಗ ತನ್ಮಯಿ ಗುಂಡಿ ಒತ್ತುತ್ತ, ಶಬ್ದ ಏರಿಸುತ್ತ ಹೋದಳು. ಬೆರಳೆತ್ತಿಸಪ್ಪಾ ನಾರಾಯಣ ಎಂದು ಹೊರಗೆ ನಿಂತು ಬೇಡಿಕೊಂಡೆ. ತುಂಬ ಹೊತ್ತಿನ ಮೇಲೆ ಬೆರಳು ಚೂರೇ ಚೂರು ಅಲುಗಿತು.

"ಯಾವಾಗಿಂದ ದೊಡ್ಡಪ್ಪ?" ಎಂದು ತನ್ಮಯಿ ಅವರ ಬಲಕ್ಕೆ ಬಂದು ಕೇಳಿದಳು.

"ಸೋಮವಾರ ಎದ್ದಾಗಲೇ ಅನುಮಾನ ಬಂತಮ್ಮ," ಎಂದರು. ನನ್ನ ಮುಖ ನೋಡಲಿಲ್ಲ. "ಆಂಪ್ಲಿಫೈಯರೇ ಕೆಟ್ಟಿರ್ಲಿ ದೇವ್ರೇ ಅಂತ ಕೇಳ್ಕೊಂಡು ಹಾಕ್ದೆ."

ಅವರ ಕೈ ಹಿಡಿದು ಕೂತೆ.

ಔಷಧಿಯಿಂದ ಸ್ವಲ್ಪ ಬಂತು. ಮಾತು ಕೇಳಿಸುತ್ತದೆ. ವೀಣೆಯ ಕೆಳಗಿನ ಸ್ವರಗಳು ಕೇಳಿಸುತ್ತವೆ. ಮೇಲಿನ ಸ್ವರಗಳ ಮಿಂಚು ಬರಲಿಲ್ಲ, ಬರುವುದಿಲ್ಲವಂತೆ.

ಹೋದ ಭಾನುವಾರ ರವಿಕಿರಣ್ ಅವೇ ಎರಡು ಆಂಪ್ಲಿಫೈಯರುಗಳನ್ನು ಮತ್ತೆ ತಂದರು. ಪಂಚೆ ಹೊದಿಸಿ ಆಯಿತು, ವಾಲ್ಯೂಮ್ ಸಮ ಮಾಡಿ ಆಯಿತು. ಇವರು ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ತಂದು ತಮ್ಮ ಎಡಪಕ್ಕ ಹಾಕಿದರು.

"ಕೂತ್ಕೋ ವಾರಿಜಾ. ಎಡಗಡೆದು ನೀನು ಹೇಳು."

ಮದುವೆಯಾದಾಗಿನಿಂದ ಒಂದು ಆಂಪ್ಲಿಫೈಯರಿನ ಬಗ್ಗೆಯೂ ನನ್ನನ್ನು ಕೇಳಿದವರಲ್ಲ. ಒಲೆ ಆರಿಸಿ ಬಂದು ಕೂತೆ. ಮೊದಲನೆಯದು ಜೇನಿನ ಹಾಗಿತ್ತು, ಅದು ವಾಲ್ವಿನದೆಂದು ನನಗೂ ಗೊತ್ತಾಯಿತು. ಎರಡನೆಯದು ಒಣಕಲು. ಬೇಕೆಂದೇ "ಎರಡನೇದೇ ಚೆನ್ನಾಗಿದೆ" ಎಂದೆ. ನಿಂಗೇನು ಗೊತ್ತು ಸುಮ್ನಿರೇ ಅನ್ನಲಿ, ಪಂಚಮ ಇಳಿದಿದೆ ಎಂದ ಆ ಮನುಷ್ಯ ಒಮ್ಮೆ ನನ್ನ ಮೇಲೆ ಹಾರಾಡಲಿ ಎಂದು ಕಾದೆ.

"ಅವಳು ಹೇಳಿದ್ಮೇಲೆ ಆಯ್ತು ಬಿಡಿ ರವಿಕಿರಣ್," ಎಂದು ಇವರು ಎದ್ದು ಪಂಚೆ ಮಡಿಸತೊಡಗಿದರು.