ಬಸ್ತಿಹಳ್ಳಿಯ ನೀಲಿ ಉರಿ

ಅವರ ಬಲಗಣ್ಣಿನ ಹುಬ್ಬು ಅರ್ಧ ಮಾತ್ರ ಇತ್ತು. ಮೂಗಿನ ಕಡೆಯ ಅರ್ಧ ಕಪ್ಪಗೆ, ದಟ್ಟವಾಗಿ ಬೆಳೆದಿತ್ತು. ಕಿವಿಯ ಕಡೆಯ ಅರ್ಧ ಸುಟ್ಟುಹೋಗಿ ಅಲ್ಲಿ ಬರೀ ಚರ್ಮ ಹೊಳೆಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯಿಂದ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಸೊಸೆಯಾಗಿ ಬಂದ ಹೊಸತು. ಬಾವಿಕಟ್ಟೆಯ ಹತ್ತಿರ ಎದುರಾದ ಅವರನ್ನು ಹಾಗೇ ದಿಟ್ಟಿಸಿ ನೋಡುತ್ತ ನಿಂತುಬಿಟ್ಟೆ. ಅವರು ಬೇಸರಪಡಲಿಲ್ಲ, ಗಟ್ಟಿಯಾಗಿ ನಕ್ಕರು.

"ಏನೇ ಹುಡುಗಿ, ಹುಬ್ಬು ನೋಡ್ತಿದೀಯಾ? ಗೋಬರ್ ಗ್ಯಾಸ್ ತಿಂದುಬಿಡ್ತು ಕಣೇ. ನಲ್ಲಿ ತಿರುಗಿಸಿ ಆಮೇಲೆ ಬೆಂಕಿಪೊಟ್ಟಣ ಹುಡುಕೋಕೆ ಹೋದೆ. ನೀನು ಮಾತ್ರ ಮೊದಲು ಕಡ್ಡಿ ಗೀರು, ಆಮೇಲೆ ನಲ್ಲಿ ತಿರುಗಿಸು. ತಿಳೀತಾ?"

ನಮ್ಮ ಮನೆಯಲ್ಲಿ ಗ್ಯಾಸೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಆದರೂ "ತಿಳೀತಮ್ಮ" ಅಂದೆ. ಅವರು ಹೇಳಿದ್ದಕ್ಕೆ ಹೂಂ ಅನ್ನದೆ ಇರುವುದು ಯಾರಿಗೂ ಸುಲಭವಿರಲಿಲ್ಲ.

ಊರೆಲ್ಲ ಅವರನ್ನು ಸಮಾಜದಮ್ಮ ಎಂದೇ ಕರೆಯುತ್ತಿತ್ತು. ಹಳೇಬೀಡಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಜೈನ ಸಾಹುಕಾರರ ಹೆಂಡತಿ. ಮನೆ ಮಾತ್ರ ನಮ್ಮ ಕೇರಿಯ ತುದಿಯಲ್ಲಿ, ಬಸದಿಗೆ ಹೋಗುವ ದಾರಿಯಲ್ಲಿತ್ತು. ನಮ್ಮ ಮಹಿಳಾ ಸಮಾಜಕ್ಕೆ ಅವರೇ ಹಿರಿಯರು. ಸಮಾಜ ಅಂದರೆ ಆಗ ಏನಿತ್ತು? ಒಂದು ಹೊಲಿಗೆ ಯಂತ್ರ, ಎರಡು ಚಾಪೆ, ಶುಕ್ರವಾರದ ಹಾಡು. ಅವರು ಅಷ್ಟಕ್ಕೆ ನಿಲ್ಲುವವರಾಗಿರಲಿಲ್ಲ.

ಒಲೆಯ ವಿಚಾರ ಅವರ ತಲೆಗೆ ಹೊಕ್ಕಿದ್ದು ಇರುವೆಗಳಿಂದ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಒಲೆಗೆ ದಪ್ಪ ಸೌದೆ ಇಟ್ಟರಂತೆ. ಬೆಂಕಿ ಹತ್ತಿದ ಮೇಲೆ ಅದರ ಪೊಟರೆಯಿಂದ ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಹೊರಟವು. ಹೋಗುವುದಕ್ಕೆ ದಾರಿಯಿಲ್ಲ, ಸುತ್ತಲೂ ಉರಿ. ಆ ದಿನ ಅವರಿಗೆ ಊಟ ಸೇರಲಿಲ್ಲ. ಅಂದಿನಿಂದ ಪ್ರತಿ ಸೌದೆಯನ್ನೂ ಅಂಗಳದ ಕಲ್ಲಿಗೆ ಕುಟ್ಟಿ, ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿ ಒಳಗೆ ತರುವುದು ಅಭ್ಯಾಸವಾಯಿತು. ಮುಂದೆ ಹಾಸನದಲ್ಲಿ ಯಾವುದೋ ಕೃಷಿ ವಸ್ತುಪ್ರದರ್ಶನದಲ್ಲಿ ಸಗಣಿಯ ಗ್ಯಾಸಿನಿಂದ ಹಾಲು ಕಾಯಿಸುವುದನ್ನು ಕಂಡು, ಹಟ ಹಿಡಿದು ತಮ್ಮ ಹಿತ್ತಲಿನಲ್ಲಿ ಒಂದು ಗೋಬರ್ ಗ್ಯಾಸ್ ಕಟ್ಟಿಸಿದರು. ಹುಬ್ಬು ಹೋದದ್ದು ಆಗಲೇ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನೆಮ್ಮದಿಯಾಗಿ ಕೂರುತ್ತಿದ್ದರು. ಇವರು ಒಂದು ಶುಕ್ರವಾರ ಹಾಡು ಮುಗಿದ ಮೇಲೆ ಎದ್ದು ನಿಂತರು.

"ನಮ್ಮ ಮನೇಲಿ ಈಗ ಹೊಗೆ ಇಲ್ಲ. ನಿಮ್ಮ ಮನೇಲೆಲ್ಲ ಇದೆ. ನಾನು ಇಲ್ಲಿ ಕೂತು ಹಾಡು ಹೇಳೋಕೆ ನಾಚಿಕೆ ಆಗುತ್ತೆ. ಕೇರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಮಾಡೋಣ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಗೋಬರ್ ಗ್ಯಾಸ್ ಅಂದರೆ ಕೊಟ್ಟಿಗೆ ತುಂಬ ದನ ಇದ್ದವರ ಬಾಬತ್ತು. ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಒಂದು ಹಸು, ಒಂದು ಎಮ್ಮೆಗಿಂತ ಹೆಚ್ಚಿರಲಿಲ್ಲ. "ಅದಕ್ಕೇ ಹೇಳ್ತಿರೋದು" ಅಂದರು ಅವರು. "ಒಬ್ಬೊಬ್ಬರ ಹತ್ತಿರ ಒಂದೊಂದು ಮಂಕರಿ ಸಗಣಿ. ಸೇರಿಸಿದ್ರೆ ಗುಂಡಿ ತುಂಬುತ್ತೆ. ಗ್ಯಾಸ್ ಹೋಗಿ ಉಳಿದ ಬಗ್ಗಡ ಗೊಬ್ಬರವಾಗಿ ಮತ್ತೆ ನಿಮ್ಮ ಹೊಲಕ್ಕೇ ಹೋಗುತ್ತೆ. ಕಳ್ಕೊಳ್ಳೋದು ಏನು, ಹೊಗೆ ತಾನೇ?"

ಹೆಚ್ಚು ವಿರೋಧ ಬಂದದ್ದು ನಮ್ಮ ಅತ್ತೆಯಿಂದ. ಊದುಗೊಳವೆ ಊದಿ ಊದಿ ಅವರ ಕಣ್ಣು ಸದಾ ಕೆಂಪಗೆ ನೀರು ಸುರಿಸುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೂ ಆಗುತ್ತಿರಲಿಲ್ಲ. ಆದರೂ ಅವರದು ಒಂದೇ ಮಾತು: "ಸಗಣಿ ಗಾಳೀಲಿ ಬೇಯ್ಸಿದ್ದ ದ್ಯಾವ್ರಿಗೆ ಎಡೆ ಇಡಕ್ಕಾಯ್ತದಾ ಅಮ್ಮಾವ್ರೇ?"

"ದೇವರ ಮನೆ ನೆಲ ಯಾವುದರಲ್ಲಿ ಸಾರಿಸ್ತೀರಿ?"

"ಸಗಣೀಲಿ."

"ನೆಲಕ್ಕೆ ಆದದ್ದು ಒಲೆಗೆ ಯಾಕಾಗಲ್ಲ?"

ಅತ್ತೆ ಆಗಲೂ ಒಪ್ಪಲಿಲ್ಲ. "ನಮ್ ಹಿತ್ಲಲ್ಲಿ ಜಾಗ ಬೇಕಾರೆ ತಕಳಿ, ನನ್ ಒಲೆ ತಂಟೆಗೆ ಬರಬ್ಯಾಡಿ" ಅಂದರು. ಸಮಾಜದಮ್ಮನಿಗೆ ಅಷ್ಟೇ ಸಾಕಾಗಿತ್ತು. ಕೇರಿಯ ಮಧ್ಯದಲ್ಲಿದ್ದ ನಮ್ಮ ಹಿತ್ತಲೇ ಗಟ್ಟಿಯಾಯಿತು.

ಸರ್ಕಾರದ ಸಹಾಯ ಕೇಳಲು ಬೇಲೂರಿಗೆ ಹೊರಟೆವು. ಸ್ವಲ್ಪ ಓದಿದವಳು ಅಂತ ನನ್ನನ್ನೂ ಎಳೆದುಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಪಕ್ಕದ ಸೀಟಿನವರಿಗೆಲ್ಲ ಗ್ಯಾಸಿನ ವಿಷಯ ಹೇಳುತ್ತಲೇ ಇದ್ದರು; ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ಕೇಳುತ್ತ ನಿಂತಿದ್ದ. ಕಚೇರಿಯಲ್ಲಿ ಸಾಹೇಬರು ನಮ್ಮ ಗುಂಪನ್ನು ನೋಡಿ, "ಗಂಡಸರು ಯಾರೂ ಬಂದಿಲ್ವೇನಮ್ಮ?" ಅಂದರು.

"ಎತ್ತಿನ ಕಡೆಯವರು ಬಂದಿಲ್ಲ ಸ್ವಾಮಿ. ಹಸು ಎಮ್ಮೆ ಕಡೆಯವರು ಬಂದಿದೀವಿ" ಅಂದರು ಸಮಾಜದಮ್ಮ.

ಸಾಹೇಬರು ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ. ಆದರೆ ಸಹಾಯ ಏನಿದ್ದರೂ ಸ್ವಂತ ದನ, ಸ್ವಂತ ಜಾಗ ಇರುವ ಒಬ್ಬ ರೈತನ ಹೆಸರಿಗೆ. ಹೆಂಗಸರ ಗುಂಪಿಗೆ ಕೊಡಲು ನಿಯಮವೇ ಇಲ್ಲ ಎಂದು ಬಿಡಿಸಿ ಹೇಳಿದರು.

"ನಿಯಮ ಬರೋ ಹೊತ್ತಿಗೆ ನಮ್ಮ ಕಣ್ಣು ಹೋಗಿರುತ್ತೆ. ನೀವು ಬರೀತಾ ಇರಿ ಸ್ವಾಮಿ, ನಾವು ಶುರು ಮಾಡಿರ್ತೀವಿ. ಉರಿ ಹತ್ತಿದ ದಿನ ಹೇಳಿ ಕಳಿಸ್ತೀವಿ, ಬಂದು ನೋಡಿ."

ಶುರುವಾಗಿಯೇ ಹೋಯಿತು. ನಮ್ಮ ಕೇರಿಯಲ್ಲಿ ಅಂಥ ಸಡಗರ ನಾನು ಮತ್ತೆ ಕಂಡಿಲ್ಲ. ಹಗಲು ಹೊಲಕ್ಕೆ ಹೋಗಿ ಬಂದ ಗಂಡಸರು ಸಂಜೆ ಗುದ್ದಲಿ ಹಿಡಿದು ಬಂದರು. ಹೆಂಗಸರು ಮಣ್ಣು ಹೊತ್ತೆವು. ಇಟ್ಟಿಗೆ, ಸಿಮೆಂಟಿಗೆ ಹಣ ಎತ್ತಲು ಸಮಾಜದಮ್ಮ ಬಸದಿಯ ಯಾತ್ರಿಕರನ್ನೂ ಬಿಡಲಿಲ್ಲ. ಅನಿಲವನ್ನು ಹಿಡಿದಿಡುವ ಕಬ್ಬಿಣದ ಡ್ರಮ್ಮನ್ನು ಅರಸೀಕೆರೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದಾಯಿತು. ಸಾಹುಕಾರರು ಕೊಬ್ಬರಿ ಇಳಿಸಿ ಬರುವ ಲಾರಿಯಲ್ಲಿ ಅದನ್ನು ಹೇರಿಸಿ ತಂದರು. ಕಪ್ಪು ಬಣ್ಣ ಬಳಿದ, ಒಂದು ಕೋಣೆಯಷ್ಟು ಅಗಲದ ಡ್ರಮ್ಮು ಕೆರೆ ಏರಿಯ ತಿರುವಿನಲ್ಲಿ ಕಂಡಿದ್ದೇ ತಡ, ಹಳೇಬೀಡಿನ ಅಂಗಡಿಗಳವರೆಲ್ಲ ಹೊರಗೆ ಬಂದು ನಿಂತರು. ದೇವಸ್ಥಾನ ನೋಡಲು ಬಂದಿದ್ದ ಪ್ರವಾಸಿಗಳು ಲಾರಿಯ ಫೋಟೋ ತೆಗೆದರು. ತೆಂಗಿನ ನಾರಿನ ಹಗ್ಗ ಕಟ್ಟಿ ಗುಂಡಿಗೆ ಇಳಿಸುವಾಗ ಸಮಾಜದಮ್ಮ ಸೆರಗು ಬಿಗಿದು, "ನಿಧಾನ! ನಿಧಾನ ಕಣ್ರಪ್ಪ! ಬಾಣಂತೀನ ಎತ್ತಿಕೊಂಡ ಹಾಗೆ!" ಎಂದು ಕೂಗುತ್ತ ಸುತ್ತಲೂ ಓಡಾಡುತ್ತಿದ್ದರು.

ಸಗಣಿ ಕದಡಿ ತುಂಬಿಸಿ ಕಾದೆವು. ದಿನಗಳು ಕಳೆದವು, ಗ್ಯಾಸು ತುಂಬಿದಂತೆ ಮೇಲೇಳಬೇಕಾದ ಡ್ರಮ್ಮು ಕದಲಲಿಲ್ಲ. ಹಳೇಬೀಡಿನ ಹೋಟೆಲಿನಲ್ಲಿ "ಸಮಾಜದೋರ ಪಾಯಸ ಇನ್ನೂ ಬೆಂದಿಲ್ವಂತೆ" ಎಂಬ ಮಾತು ಹುಟ್ಟಿತು. ಆಮೇಲೊಂದು ಬೆಳಗ್ಗೆ ನಾನು ಹಿತ್ತಲಿಗೆ ಹೋದಾಗ ಡ್ರಮ್ಮು ಗೇಣುದ್ದ ಮೇಲೆದ್ದಿತ್ತು! ಕೂಗಿಕೊಂಡು ಓಡಿದೆ. ಕೇರಿಯೆಲ್ಲ ಸೇರಿತು. ಕಡ್ಡಿ ಗೀರಿ ನಲ್ಲಿ ತಿರುಗಿಸಿದರೆ, ಪುಸ್ ಎಂದು ಗಾಳಿ ಬಂದು ಕಡ್ಡಿಯೇ ಆರಿಹೋಯಿತು. ಮತ್ತೆ ಗೀರಿದರೆ ಮತ್ತೆ ಆರಿತು. ಹಿಂದೆ ನಿಂತವರು ಬಿದ್ದು ಬಿದ್ದು ನಕ್ಕರು. ನನಗೆ ಅಳುವೇ ಬಂತು.

ಸಮಾಜದಮ್ಮ ಮಾತ್ರ ಹಿಗ್ಗಿದ್ದರು. "ನಮ್ಮ ಮನೇಲೂ ಹೀಗೇ ಆಗಿತ್ತು ಕಣ್ರೇ! ಮೊದಲ ಸಲದ್ದು ಉರಿಯಲ್ಲ. ಅದನ್ನೆಲ್ಲ ಬಿಟ್ಟುಬಿಡಿ. ಮತ್ತೆ ತುಂಬಲಿ."

ಮತ್ತೆ ತುಂಬಿತು. ಈ ಸಲ ಅವರು ಜನ ಸೇರಿಸಲಿಲ್ಲ. ಮಟಮಟ ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದು, ಅತ್ತೆಯ ಒಲೆ ಮುಟ್ಟದೆ ಪಕ್ಕದಲ್ಲಿ ಕೂರಿಸಿದ್ದ ಹೊಸ ಗ್ಯಾಸ್ ಒಲೆಯ ಮುಂದೆ ಕೂತರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಡ್ಡಿ ಗೀರಿ ನಲ್ಲಿ ತಿರುಗಿಸಿದರು. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲು ನೇರವಾಗಿ ಒಲೆಯ ಮೇಲೇ ಬೀಳುತ್ತಿತ್ತು. ಉರಿ ಇದೆಯೋ ಇಲ್ಲವೋ ತಿಳಿಯಲಿಲ್ಲ.

"ಈ ಸಲ್ವೂ ಹತ್ಲಿಲ್ಲ ಬಿಡಿ" ಎನ್ನುತ್ತ ಅತ್ತೆ ಹತ್ತಿರ ಬಂದು ಒಲೆಯ ಮೇಲೆ ಕೈ ಚಾಚಿದರು. ಚಾಚಿದ್ದೇ, "ಅಯ್ಯಯ್ಯೋ, ಸುಡ್ತೈತೆ ಕಣ್ರೇ! ಐತೆ, ಬೆಂಕಿ ಐತೆ!" ಎಂದು ಕೂಗಿ ಹಿಂದಕ್ಕೆ ಹಾರಿದರು.

ಸಮಾಜದಮ್ಮ ಸೆರಗು ಹರಡಿ ಬಿಸಿಲಿಗೆ ಮರೆ ಮಾಡಿದರು. ಆ ನೆರಳಿನಲ್ಲಿ ಪುಟ್ಟ ಪುಟ್ಟ ನೀಲಿ ಉರಿಗಳು ದುಂಡಗೆ, ಒತ್ತಾಗಿ, ಸಣ್ಣಗೆ ಸದ್ದು ಮಾಡುತ್ತ ನಿಂತಿದ್ದವು. ಹೊಗೆಯಿಲ್ಲ. ಮಸಿಯಿಲ್ಲ. ಮೂವರೂ ಬಗ್ಗಿ ನೋಡಿದೆವು. ಅತ್ತೆ ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡರು. ಆಮೇಲೆ, "ಒಸಿ ಕಾಪಿಗಿಡವ್ವ" ಎಂದರು ನನಗೆ. ಆ ಕಾಫಿಯ ಮೊದಲ ಲೋಟವನ್ನು ಅವರೇ ದೇವರ ಮುಂದೆ ಇಟ್ಟರು.

ಕೇರಿಯ ಒಂದೊಂದೇ ಮನೆಗೆ ಪೈಪು ಹೋಯಿತು. ಆದರೆ ಚಳಿಗಾಲ ಬಂದಾಗ ಪೇಚಿಗೆ ಸಿಕ್ಕಿಕೊಂಡೆವು. ಚಳಿಗೆ ಗ್ಯಾಸು ಕಡಿಮೆಯಾಯಿತು. ಡ್ರಮ್ಮಿಗೆ ಹುಲ್ಲು ಹೊದಿಸಿ, ಬೆಚ್ಚನೆ ನೀರಲ್ಲಿ ಸಗಣಿ ಕದಡಿದರೂ ಸಾಲಲಿಲ್ಲ. ಗ್ಯಾಸಿಗೂ, ಗುಂಡಿ ನೋಡಿಕೊಳ್ಳುವ ಕೆಲಸಕ್ಕೂ ಮನೆಮನೆಗೆ ಸರದಿ ಹಾಕಿಕೊಂಡೆವು. ಸರಿಯಾಗಿ ಅದೇ ಹೊತ್ತಿಗೆ ಕೇರಿಯ ಕೊನೆಯ ಗುಡಿಸಲಿನ ಕೂಲಿ ಹೆಂಗಸು, ಗಂಡ ತೀರಿಕೊಂಡವಳು, ತನಗೂ ಒಲೆ ಬೇಕೆಂದು ಕೇಳಿದಳು. ಅವಳ ಹತ್ತಿರ ಒಂದು ಕೋಳಿಯೂ ಇರಲಿಲ್ಲ.

"ಸಗಣಿ ಇಲ್ದೋರಿಗೆ ಗ್ಯಾಸ್ ಯಾಕೆ? ಇರೋರಿಗೇ ಸಾಲ್ತಿಲ್ಲ" ಎಂದು ಸಮಾಜದಲ್ಲಿ ಗಲಾಟೆಯೇ ಆಯಿತು. ಕೆಲವರು ನಾಳೆಯಿಂದ ತಮ್ಮ ಸಗಣಿ ಕೊಡುವುದಿಲ್ಲ ಎಂದರು. ಎಲ್ಲ ಒಡೆದುಹೋಗುವ ಹಾಗೆ ಕಂಡಿತು.

ಸಮಾಜದಮ್ಮ ಎಲ್ಲರ ಮಾತೂ ಮುಗಿಯುವವರೆಗೆ ಕಾದರು. "ಹಾಗಾದ್ರೆ ನಮ್ಮ ಮನೆ ಗ್ಯಾಸ್ ಮುಚ್ಚಿಬಿಡ್ತೀನಿ. ನಮ್ಮ ದನದ ಸಗಣಿಯೆಲ್ಲ ಇಲ್ಲಿಗೇ ಬರಲಿ. ಅವಳಿಗೂ ಒಂದು ಪೈಪು ಹಾಕಿ, ನಮಗೂ ಒಂದು ಹಾಕಿ. ಅವಳ ಸರದಿ ಆದ ಮೇಲೆ ನಮ್ಮದು. ಎಲ್ಲರಿಗಿಂತ ಕೊನೆ."

ಹಾಗೇ ತೀರ್ಮಾನವಾಯಿತು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಕೊನೆಯ ಸರದಿ ಅಂದರೆ ಸೂರ್ಯನ ಜೊತೆ ಪಂದ್ಯ.

ಕೆಲವು ದಿನ ಹೇಗೋ ನಡೆಯಿತು. ಒಂದು ಸಂಜೆ ಮೋಡ ಕವಿದು, ಗ್ಯಾಸು ತೀರಾ ಸಣ್ಣಗಾಯಿತು. ನಾನು ಏನಾಯಿತೋ ಎಂದು ಅವರ ಮನೆಗೆ ಓಡಿದೆ. ಒಲೆಯ ಮೇಲೆ ಅಕ್ಕಿ ಅರೆಬೆಂದು ಕೂತಿತ್ತು. ಹೊರಗೆ ಹೊತ್ತು ಮುಳುಗಿತ್ತು. ಸಾಹುಕಾರರು ಕೈಕಾಲು ತೊಳೆದು ಮಣೆಯ ಮೇಲೆ ಕೂತಿದ್ದವರು ನನ್ನನ್ನು ನೋಡಿ ಎದ್ದರು. ಮಾತು ಕಡಿಮೆಯ ಮನುಷ್ಯ. "ಉಪವಾಸ ನಮಗೇನು ಹೊಸದಲ್ಲ ತಾಯಿ. ಪುಣ್ಯ ಬರುತ್ತೆ" ಎಂದು ನಕ್ಕು ಜಗುಲಿಗೆ ಹೋದರು. ಸಮಾಜದಮ್ಮ ಪಾತ್ರೆಗೆ ಮುಚ್ಚಳ ಮುಚ್ಚಿದರು. ಅವರ ಮುಖದಲ್ಲಿ ಬೇಸರ ಹುಡುಕಿದೆ, ಸಿಗಲಿಲ್ಲ. "ನಾಳೆ ಬಿಸಿಲು ಬರುತ್ತೆ ಕಣೇ" ಅಂದರು.

ನಾನು ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಆ ಕ್ಷಣವೇ ಮನೆಮನೆಗೆ ಹೊರಟರು. "ಸಾವ್ಕಾರ್ರು ಉಪಾಸ ಮಲಗವ್ರೆ, ನಾವು ಮುದ್ದೆ ನುಂಗಿ ತೇಗ್ತಾ ಇದೀವಿ! ಅನ್ನ ತಿನ್ನೋ ಬಾಯಾ ಇದು?" ಎಂಬ ಅವರ ದನಿ ಕೇರಿಯ ಆ ತುದಿಯವರೆಗೂ ಕೇಳಿತು. ಮರುದಿನದಿಂದ ಸಂಜೆಯ ಮೊದಲ ಸರದಿ ಸಮಾಜದಮ್ಮನ ಮನೆಗೆ. ಗುಡಿಸಲಿನ ಹೆಂಗಸು ಕೆರೆ ಏರಿಯ ಮೇಲೆ ದನ ಹಾಕಿದ ಸಗಣಿ ಬಾಚಿ ತರತೊಡಗಿದಳು. ಎಲ್ಲರಿಗಿಂತ ಅವಳ ಮಂಕರಿಯೇ ದೊಡ್ಡದಿರುತ್ತಿತ್ತು. ಸಗಣಿ ನಿಲ್ಲಿಸುತ್ತೇವೆ ಎಂದವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ನಾವು ಹೇಳಿ ಕಳಿಸಿದ ಮೇಲೆ ಬೇಲೂರಿನ ಸಾಹೇಬರು ಬಂದರು. ಅತ್ತೆ ಅವರಿಗೆ ಕಾಫಿ ಕೊಟ್ಟು, ಒಲೆಯ ಮೇಲೆ ಕೈಯಿಟ್ಟು ನೋಡಲು ಹೇಳಿದರು. ಮುಂದೆ ಜಿಲ್ಲೆಯಿಂದಲೂ ಜನ ಬಂದರು. ಸಂಘ, ಸಮಾಜಗಳ ಹೆಸರಿಗೂ ಸಹಾಯ ಕೊಡಬಹುದೆಂಬ ಆದೇಶವೂ ಬಂತು. ಆ ಸುದ್ದಿ ತಿಳಿದ ದಿನ ಸಮಾಜದಮ್ಮ ಬೆಲ್ಲ ಹಂಚುತ್ತ, "ಇನ್ನು ಗೆಂಡೆಹಳ್ಳಿ! ಅಲ್ಲೂ ಒಂದು ಗುಂಡಿ ಆಗ್ಬೇಕು. ಯಾವಾಗ ಹೋಗೋಣ?" ಎಂದು ಕೇಳುತ್ತಿದ್ದರು.

ಗೆಂಡೆಹಳ್ಳಿಯಲ್ಲಿ ಮಾತಾಡಲು ನನ್ನನ್ನೇ ನಿಲ್ಲಿಸಿದರು. ಶಾಲೆಯ ಕೊಠಡಿ ತುಂಬ ಹೆಂಗಸರು. ಸಮಾಜದಮ್ಮ ಯಾರೋ ಅಪರಿಚಿತರ ಹಾಗೆ ಮುಸುಕು ಹಾಕಿ ಕೊನೆಯಲ್ಲಿ ಕೂತಿದ್ದರು. ನಾನು ಹೇಗೋ ಮಾತು ಮುಗಿಸಿದ್ದೇ, ಹಿಂದಿನಿಂದ ಅವರ ದನಿ ಬಂತು: "ಅಲ್ಲಮ್ಮ, ಮನೇಲಿ ಹಸುನೇ ಇಲ್ದಿರೋರು ಏನು ಮಾಡ್ಬೇಕು? ಅದನ್ನ ಹೇಳು ಮೊದಲು." ಎಲ್ಲರೂ ಅವರ ಕಡೆ ತಿರುಗಿದರು. ನನಗೆ ನಗು ಬಂತು. ನಮ್ಮ ಕೇರಿಯ ಕಥೆಯನ್ನು ಪೂರ್ತಿ ಹೇಳಿದೆ. ನಾಚಿಕೆ ಎನ್ನುವುದು ನನ್ನನ್ನು ಬಿಟ್ಟದ್ದು ಆವತ್ತು. ಆಮೇಲೆ ನಾನು ಮಾತಾಡಿದ ಊರುಗಳೆಷ್ಟೋ. ಎಲ್ಲ ಕಡೆಯೂ ಕೊನೆಯ ಸಾಲಿನಿಂದ ಯಾರಾದರೂ ಕಷ್ಟದ ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಮುನ್ನ ಅವರು ಹೋದರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬಸ್ಸು, ಗಾಡಿ ಹತ್ತಿ ಬಂದರು. ಯಾರ ಮನೆಯ ಸಾವಿಗೂ ಅಷ್ಟು ಸೊಸೆಯಂದಿರು ಸೇರಿದ್ದನ್ನು ನಾನು ಕಂಡಿಲ್ಲ. ನಮ್ಮ ಅತ್ತೆ ಅಂದು ಅಕ್ಕಿಯ ಕಲ್ಲನ್ನು ತಾವೇ ಆರಿಸಿ, ದೂರದಿಂದ ಬಂದವರಿಗೆಲ್ಲ ಅಡುಗೆ ಮಾಡಿ ಹಾಕಿದರು.

ಸೂತಕ ಕಳೆದ ಮೇಲೆ ಸಮಾಜ ಮತ್ತೆ ಸೇರಿದ ಶುಕ್ರವಾರ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಆ ಹೊಸಿಲು ತುಳಿದವರಲ್ಲ. ಹಾಡುತ್ತಿದ್ದವರು ನಿಲ್ಲಿಸಿದೆವು.

"ಈ ವಾರ ಗುಂಡಿ ನೋಡಿಕೊಳ್ಳೋ ಸರದಿ ನಮ್ಮ ಮನೇದು" ಅಂದರು ಅವರು ನೆಲ ನೋಡುತ್ತ. "ಅವಳಿಲ್ಲ. ನಾನು ಬರಬಹುದಾ ಅಂತ ಕೇಳೋಕೆ ಬಂದೆ. ನನಗೆ ಏನೂ ಗೊತ್ತಿಲ್ಲ. ಹೇಳಿಕೊಡಬೇಕು."

ನಮ್ಮ ಅತ್ತೆಯೇ ಕಣ್ಣೊರೆಸಿಕೊಂಡು, ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದರು.

"ಬನ್ನಿ ಸಾವ್ಕಾರ್ರೇ, ಕೂತ್ಕಳಿ. ಹಾಡು ಮುಗೀಲಿ, ಕರ್ಕಂಡೋಯ್ತೀನಿ."