ಮಂಗಳವಾರದ ಅಮಾವಾಸ್ಯೆ

ತುಮಕೂರಿನ ಚಿಕ್ಕಪೇಟೆಯ ಆ ಬೀದಿಯಲ್ಲಿ ಯಾವ ಹಬ್ಬ ಯಾಕೆ ಬಂತು, ಯಾವ ದಿನ ಏನು ಮಾಡಬಾರದು ಎಂದು ತಿಳಿಯಬೇಕಾದರೆ ಹೆಂಗಸರು ಕೌಸಲ್ಯಮ್ಮನ ಮನೆ ಬಾಗಿಲಿಗೆ ಬರುತ್ತಿದ್ದರು. ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆದರೂ ಮಂಗಳವಾರ ತಲೆಗೆ ಎಣ್ಣೆ ಯಾಕೆ ಹಚ್ಚಬಾರದು, ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ಯಾಕೆ ದಾಟಬಾರದು, ನಾಗರ ಪಂಚಮಿಯ ದಿನ ಒಲೆಯ ಮೇಲೆ ಬಾಣಲೆ ಯಾಕೆ ಇಡಬಾರದು ಎಂಬುದಕ್ಕೆಲ್ಲ ಅವಳ ಬಳಿ ಒಂದೊಂದು ಕತೆ ಇತ್ತು. ಗುಬ್ಬಿಯಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆದವಳು. ಕತೆಯನ್ನು ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು ಎನ್ನುವುದು ರಕ್ತದಲ್ಲೇ ಬಂದಿತ್ತು.

ಅವಳ ಗಂಡ ವೆಂಕಟೇಶಯ್ಯ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಮಿತಭಾಷಿ. ಹೆಂಡತಿಯ ಸುತ್ತ ಹೆಂಗಸರು ಸೇರಿದರೆ ಪೇಪರು ಹಿಡಿದು ಜಗುಲಿಗೆ ಹೋಗುವನು, ಕಿವಿ ಮಾತ್ರ ಒಳಗೇ ಇರುತ್ತಿತ್ತು. ಇಬ್ಬರಿಗೂ ಒಬ್ಬಳೇ ಮಗಳು, ಅನ್ನಪೂರ್ಣ. ಎಲ್ಲರಿಗೂ ಅವಳು ಪೂರ್ಣಿ.

ಕೌಸಲ್ಯಮ್ಮನ ಬಾಯಲ್ಲಿ ಎಲ್ಲಕ್ಕಿಂತ ಚೆಂದ ಬರುತ್ತಿದ್ದುದು ಭೀಮನ ಅಮಾವಾಸ್ಯೆಯ ಕತೆ. ಕಾಶಿಗೆ ಹೋದ ತಂದೆತಾಯಿ ಮಗಳನ್ನು ಅಣ್ಣನ ವಶಕ್ಕೆ ಬಿಟ್ಟು ಹೋಗುತ್ತಾರೆ. ಅಣ್ಣ ದುಡ್ಡಿನಾಸೆಗೆ ತಂಗಿಯನ್ನು ಸತ್ತ ರಾಜಕುಮಾರನಿಗೆ ಧಾರೆ ಎರೆದು ಕೊಡುತ್ತಾನೆ. ಹೊಳೆ ದಂಡೆಯಲ್ಲಿ ಹೆಣ ಕಾಯುತ್ತ ಕೂತ ಹುಡುಗಿಗೆ ಇವತ್ತು ಅಮಾವಾಸ್ಯೆ ಎಂದು ನೆನಪಾಗಿ, ಮಣ್ಣಿನಲ್ಲೇ ದೀಪ ಮಾಡಿ, ಮಣ್ಣಿನಲ್ಲೇ ಕಡುಬು ಮಾಡಿ ಪೂಜೆಗೆ ಕೂರುತ್ತಾಳೆ. ಶಿವ ಪಾರ್ವತಿ ದಾರಿಹೋಕರಂತೆ ಬಂದು ಕಡುಬು ಒಡೆಯುತ್ತಾರೆ. ರಾಜಕುಮಾರ ನಿದ್ದೆಯಿಂದ ಎದ್ದವನ ಹಾಗೆ ಎದ್ದು ಕೂರುತ್ತಾನೆ. 'ಎದ್ದು ಕೂತ' ಎನ್ನುವಲ್ಲಿ ಕೌಸಲ್ಯಮ್ಮ ಒಂದು ಉಸಿರು ತಡೆಯುತ್ತಿದ್ದಳು. ಮನೆ ಒಡತಿ ಶಿವರುದ್ರಮ್ಮ ಪ್ರತಿ ವರ್ಷವೂ ಅಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮದುವೆಯಾದ ಹೆಣ್ಣು ಗಂಡನ ಆಯುಸ್ಸಿಗಾಗಿ ಈ ವ್ರತವನ್ನು ಒಂಬತ್ತು ವರ್ಷ ಹಿಡಿಯಬೇಕು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಕೌಸಲ್ಯಮ್ಮನಿಗೆ ಒಂಬತ್ತನೆಯದು. ಗುಬ್ಬಿಯಿಂದ ಅಣ್ಣ ಅನಂತರಾಮಯ್ಯ ಬಂದು ಹೊಸ್ತಿಲ ಮೇಲೆ ಮೊಣಕೈಯಿಂದ ಕಡುಬು ಒಡೆದ. ಅವಳು ಗಂಡನ ಪಾದ ತೊಳೆದು ದಾರ ಕಟ್ಟಿಸಿಕೊಂಡಳು. 'ಸಾಕಾಯ್ತಾ ನಿನ್ನ ವ್ರತ?' ಎಂದು ವೆಂಕಟೇಶಯ್ಯ ನಕ್ಕ. 'ಮುಗೀತು. ಇನ್ನು ನಿಮಗೇನೂ ಆಗಲ್ಲ' ಎಂದಳು ಅವಳು.

ಭಾದ್ರಪದದ ಅನಂತ ಚತುರ್ದಶಿಯ ದಿನ, ಗಣಪತಿ ಬಿಡುವವರ ತಮಟೆ ಬೀದಿಯಲ್ಲಿ ಹೋಗುತ್ತಿದ್ದಾಗ, ವೆಂಕಟೇಶಯ್ಯ ನಡುಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದ. ಜಟಕಾ ತರಲು ಓಡಿದವರು ವಾಪಸು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಪುರೋಹಿತ ವೆಂಕಟರಂಗಯ್ಯನವರು ಪಂಚಾಂಗ ಬಿಡಿಸಿ ಬೆರಳು ಮಡಿಸಿ ಎಣಿಸಿದರು. ಆಮೇಲೆ ಅವಳ ಮುಖ ನೋಡದೆ ಹೇಳಿದರು. 'ಶತಭಿಷ ನಕ್ಷತ್ರ ಕಣಮ್ಮ. ಧನಿಷ್ಠಾ ಪಂಚಕದಲ್ಲಿ ಬಂತು.'

ಕೌಸಲ್ಯಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಂದ್ರ ಧನಿಷ್ಠೆಯಿಂದ ರೇವತಿ ದಾಟುವ ತನಕದ ಆ ಐದು ನಕ್ಷತ್ರಗಳಲ್ಲಿ ಮನೆಯೊಳಗೆ ಪ್ರಾಣ ಹೋದರೆ ಸಾವು ಒಂದಕ್ಕೇ ನಿಲ್ಲುವುದಿಲ್ಲ, ಐದಾಗುತ್ತದೆ; ಆ ಮನೆಯನ್ನು ಆರು ತಿಂಗಳು ಬಿಟ್ಟು ಬಾಗಿಲಿಗೆ ಮುಳ್ಳು ಹಾಕಬೇಕು. ಹಿಂದಿನ ವರ್ಷ ಪಕ್ಕದ ಬೀದಿಯಲ್ಲಿ ಹಾಗೊಂದು ಸಾವಾದಾಗ ಇದನ್ನೆಲ್ಲ ಹೆಂಗಸರಿಗೆ ವಿವರಿಸಿದವಳು ಅವಳೇ.

ಮರುದಿನ ಚಂದ್ರಗ್ರಹಣ ಎಂದು ಹೆಣವನ್ನು ಅವಸರದಲ್ಲಿ ಹಿತ್ತಿಲ ಬಾಗಿಲಿನಿಂದ ಸಾಗಿಸಿದರು. ಕ್ರಿಯೆಗಳು ಮುಗಿಯುವ ತನಕ ಕಾದಿದ್ದು ಶಿವರುದ್ರಮ್ಮ ಬಂದಳು. ಕಣ್ಣು ಊದಿಕೊಂಡಿತ್ತು.

'ಕೌಸಲ್ಯ, ನಾನು ಕೆಟ್ಟೋಳಲ್ಲ ಕಣವ್ವ. ಆದ್ರೆ ನಮ್ಮೆಜಮಾನ್ರಿಗೂ ಮೈ ಸರಿ ಇಲ್ಲ. ಒಂದೇ ಗೋಡೆ, ಒಂದೇ ಸೂರು. ಐದು ಹೆಣ ಬೀಳ್ತವೆ ಅಂತ ನೀನೇ ಹೇಳಿದ್ದೆ ಅಲ್ವಾ?'

'ಹೇಳಿದ್ದೆ ಶಿವರುದ್ರಮ್ಮನೋರೆ' ಎಂದಳು ಕೌಸಲ್ಯಮ್ಮ. ಮಗಳ ಎರಡು ಲಂಗ, ತನ್ನ ಸೀರೆ ಗಂಟು ಕಟ್ಟಿಕೊಂಡು ಹೊರಟಳು. ಬೀದಿಯ ಒಂದು ಬಾಗಿಲಲ್ಲೂ ಯಾರೂ ನಿಂತಿರಲಿಲ್ಲ. ಎದುರಿಗೆ ವಿಧವೆ ಬರುತ್ತಿದ್ದರೆ ಒಳಗೆ ಸರಿಯಬೇಕು ಎಂಬುದೂ ಆ ಬೀದಿಗೆ ಗೊತ್ತಿತ್ತು.

ಗುಬ್ಬಿಯಲ್ಲಿ ಅನಂತರಾಮಯ್ಯ ತಂಗಿಯನ್ನು ಬಾ ಎಂದ. ಆದರೆ ಅವನ ಹೆಂಡತಿ ಅಂಬುಜಮ್ಮ ಬಸುರಿ. ಎರಡು ಸಲ ಗರ್ಭ ಇಳಿದು ಹೋಗಿ ಈ ಸಲ ನಿಂತಿತ್ತು. ಅವಳು ಬಾಗಿಲಲ್ಲೇ ಕೈ ಮುಗಿದಳು.

'ನಿನ್ನ ಕಾಲಿಗೆ ಬೀಳ್ತೀನಿ ಕೌಸಲ್ಯ, ತಪ್ಪು ತಿಳ್ಕೋಬೇಡ. ಹಿತ್ತಲಲ್ಲಿ ಸೌದೆ ಕೊಟ್ಟಿಗೆ ಇದೆ, ಗುಡಿಸಿ ಕೊಡ್ತೀನಿ. ಒಳಗೆ ಮಾತ್ರ ಬರಬೇಡ.'

'ನಾನೇ ಬರಲ್ಲ ಅತ್ತಿಗೆ' ಎಂದಳು ಕೌಸಲ್ಯಮ್ಮ. ನಿಜಕ್ಕೂ ಅವಳಿಗೆ ಸಿಟ್ಟು ಬರಲಿಲ್ಲ. ಅಂಬುಜಮ್ಮನ ಜಾಗದಲ್ಲಿ ತಾನಿದ್ದರೂ ಹೀಗೇ ಮಾಡುತ್ತಿದ್ದೆ ಎನಿಸಿತು.

ಕೊಟ್ಟಿಗೆಯಲ್ಲಿ ತೆಂಗಿನ ಮಟ್ಟೆಗಳ ಪಕ್ಕ ತಾಯಿ ಮಗಳು ಚಾಪೆ ಹಾಸಿಕೊಂಡರು. ಊಟ ಹಿತ್ತಿಲ ಕಟ್ಟೆಯ ಮೇಲೆ ಬರುತ್ತಿತ್ತು. ಒಂದು ಸಂಜೆ ಪೂರ್ಣಿ ಕೇಳಿದಳು.

'ಅಮ್ಮ, ಆ ರಾಜಕುಮಾರ ಎದ್ದು ಕೂತ ಅಲ್ವಾ? ಅಪ್ಪ ಯಾಕೆ ಏಳ್ಲಿಲ್ಲ?'

ಕೌಸಲ್ಯಮ್ಮ ಮಗಳ ಜಡೆ ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

'ನೀನು ಪೂಜೆ ಸರಿಯಾಗಿ ಮಾಡ್ಲಿಲ್ವಾ?'

'ಮಾಡಿದ್ದೆ ಮರಿ.'

'ಮತ್ತೆ?'

ಕೌಸಲ್ಯಮ್ಮ ಜಡೆ ಬಿಚ್ಚಿ ಮುಗಿಸಿ ಮಗಳನ್ನು ಮಲಗಿಸಿದಳು. ಎಲ್ಲೋ ಏನೋ ತಪ್ಪಿರಬೇಕು ಎಂದು ಒಂಬತ್ತು ವರ್ಷದ ಒಂದೊಂದು ಪೂಜೆಯನ್ನೂ ಮನಸ್ಸಿನಲ್ಲಿ ಬಿಚ್ಚಿ ನೋಡಿದಳು. ಒಂದು ವರ್ಷ ದೀಪ ಗಾಳಿಗೆ ಆರಿತ್ತು. ಇನ್ನೊಂದು ವರ್ಷ ಪೂಜೆಗೆ ಮೊದಲೇ ಮಗು ಕಡುಬು ಮುಟ್ಟಿತ್ತು. ಅದೇ ಇರಬೇಕೇ? ವ್ರತವೇ ಸುಳ್ಳಿರಬಹುದು ಎಂದು ಮಾತ್ರ ಅವಳಿಗೆ ತೋಚಲಿಲ್ಲ.

ದೀಪಾವಳಿ ಬಂತು. ಸಾವಿನ ಮನೆಯವರಿಗೆ ಹಬ್ಬವಿಲ್ಲ. ನರಕ ಚತುರ್ದಶಿಯ ಬೆಳಿಗ್ಗೆ ಊರೆಲ್ಲ ಎಣ್ಣೆ ಸ್ನಾನ ಮಾಡಿ ಪಟಾಕಿ ಹೊಡೆಯುತ್ತಿದ್ದರೆ ಪೂರ್ಣಿ ಬೇಲಿಯ ಹತ್ತಿರ ನಿಂತು ನೋಡಿದಳು. ಸಂಜೆಗೆ ಹೊಟ್ಟೆನೋವು ಎಂದು ಮಲಗಿದಳು. ಕೌಸಲ್ಯಮ್ಮ ಅಜ್ಜಿ ಮಾಡುತ್ತಿದ್ದ ಹಾಗೆ ಇಂಗು ಕಲಸಿ ಹೊಕ್ಕುಳಿಗೆ ಹಚ್ಚಿದಳು, ಓಮದ ಕಷಾಯ ಕುಡಿಸಿದಳು. ಕುಡಿದದ್ದೆಲ್ಲ ವಾಂತಿಯಾಯಿತು. ಬೆಳಗಾಗುವ ಹೊತ್ತಿಗೆ ಮೈ ಕೆಂಡ. ಹುಡುಗಿ ಬಲಗಾಲು ಮಡಚಿಕೊಂಡು, ಮುಟ್ಟಿದರೆ ಕಿರುಚುತ್ತಿದ್ದಳು.

ಪಕ್ಕದ ಮನೆಯ ಪುಟ್ಟತಾಯಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಬೇಲಿ ದಾಟಿ ಬಂದು ಹೊಟ್ಟೆ ಮುಟ್ಟಿ ನೋಡಿ ಅನಂತರಾಮಯ್ಯನ ಕಡೆ ತಿರುಗಿದಳು.

'ಸಾಮಿ, ಇದು ಅಜೀರ್ಣ ಅಲ್ಲ. ತುಮಕೂರು ದೊಡ್ಡಾಸ್ಪತ್ರೆಗೆ ಈಗ್ಲೇ ಎತ್ಕೊಂಡೋಗಿ. ತಡ ಮಾಡ್ಬೇಡಿ.'

ಅನಂತರಾಮಯ್ಯ ಒಳಗೆ ಹೋಗಿ ಷರಟು ಹಾಕಿಕೊಂಡು ಬಂದ. ಕೊಟ್ಟಿಗೆಯ ಬಾಗಿಲಲ್ಲಿ ಅನುಮಾನಿಸಿ ನಿಂತ.

'ಕೌಸಲ್ಯ, ಇವತ್ತು ಮಂಗಳವಾರ. ಅಮಾವಾಸ್ಯೆ ಬೇರೆ. ಏನ್ ಮಾಡೋಣ ಹೇಳು. ನೀನು ಹೂಂ ಅಂದ್ರೆ ಹೊರಡೋಣ.'

ಅವನು ಅವಳ ಮೇಲೆ ಬಿಟ್ಟ. ಅವಳು ಮಗುವಿನ ಮುಖ ನೋಡಿದಳು. ಐದು ಸಾವು ಎಂಬ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಒಂದು ಆಗಿದೆ, ನಾಲ್ಕು ಬಾಕಿ ಇದೆ. ಇಂಥ ದಿನ, ಇಂಥ ತಿಥಿಯಲ್ಲಿ ಮಗುವನ್ನು ತಾನೇ ಹೊಸ್ತಿಲಾಚೆ ಎತ್ತಿಕೊಂಡು ಹೋದರೆ ಎರಡನೆಯದನ್ನು ಕೈಯಾರೆ ಕರೆದ ಹಾಗಲ್ಲವೇ? ಒಂದು ಹಗಲು, ಒಂದು ರಾತ್ರಿ. ಆಮೇಲೆ ಬಲಿಪಾಡ್ಯಮಿ, ಪಂಚಾಂಗ ನೋಡಬೇಕಿಲ್ಲದ ವರ್ಷದ ಮೂರೂವರೆ ಮುಹೂರ್ತಗಳಲ್ಲಿ ಅದೂ ಸೇರಿದೆ, ಅಷ್ಟು ಒಳ್ಳೆಯ ದಿನ.

'ಬೇಡ ಅಣ್ಣ' ಎಂದಳು. 'ನಾಳೆ ಮೊದಲ್ನೇ ಬಸ್ಸಿಗೆ ಹೋಗೋಣ.'

ಪುಟ್ಟತಾಯಮ್ಮ ಅವಳನ್ನೇ ನೋಡಿದಳು. 'ನೋವು ವಾರ ನೋಡ್ಕೊಂಡ್ ಬರುತ್ತೇನವ್ವಾ?' ಎಂದು ಎದ್ದು ಹೋದಳು.

ಮಧ್ಯಾಹ್ನದ ಹೊತ್ತಿಗೆ ಪೂರ್ಣಿಯ ನೋವು ಇದ್ದಕ್ಕಿದ್ದಂತೆ ಇಳಿಯಿತು. ಅಳು ನಿಂತಿತು. ಕೌಸಲ್ಯಮ್ಮ ತಾನು ಮಾಡಿದ್ದೇ ಸರಿ ಎಂದುಕೊಂಡು ಕೈ ಮುಗಿದಳು. ಕರುಳಿನ ಬಾವು ಒಳಗೆ ಒಡೆದಾಗಲೂ ನೋವು ಹಾಗೆ ಇಳಿಯುತ್ತದೆ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಹುಡುಗಿ ಮಾತಾಡಲಿಲ್ಲ. ಹೊಟ್ಟೆ ಹಲಗೆಯಂತಾಗಿತ್ತು. ಆಸ್ಪತ್ರೆಯ ಡಾಕ್ಟರು ಹೆಚ್ಚು ಬೈಯಲಿಲ್ಲ. 'ನಿನ್ನೆ ತರಬೇಕಿತ್ತಮ್ಮ' ಎಂದರು, ಅಷ್ಟೆ. ಆಪರೇಷನ್ ಮಾಡಿದರು. ಮಾರನೆಯ ಸಂಜೆ ಪೂರ್ಣಿ ಹೋದಳು.

ಗುಬ್ಬಿಯಲ್ಲಿ ಡಾಕ್ಟರ ಮಾತು ಯಾರ ಕಿವಿಗೂ ಬೀಳಲಿಲ್ಲ. 'ಎರಡಾಯ್ತು' ಎಂದರು ಜನ. ಅಂಬುಜಮ್ಮ ಹೊಟ್ಟೆ ಹಿಡಿದುಕೊಂಡು ಗಂಡನೆದುರು ಕಿರುಚಿದಳು. 'ಮೂರನೇದು ನಂದು ಆಗ್ಬೇಕಾ? ಎಲ್ಲಿಗಾದ್ರೂ ಕಳ್ಸಿ. ನಾನು ಹೆತ್ತಾದ್ಮೇಲೆ ಕರ್ಕೊಂಡ್ ಬನ್ನಿ.' ಕೌಸಲ್ಯಮ್ಮನೇ ಗಂಟು ಎತ್ತಿಕೊಂಡು ಬಂದು ಹಿತ್ತಿಲಲ್ಲಿ ನಿಂತಳು.

ಕುಣಿಗಲ್ಲಿನಲ್ಲಿ ದೂರದ ಸಂಬಂಧಿಯೊಬ್ಬರು ನಡೆಸುತ್ತಿದ್ದ ಛತ್ರಕ್ಕೆ ಅಡುಗೆಗೆ ಜನ ಬೇಕಿತ್ತು. ಅನಂತರಾಮಯ್ಯ ಅಲ್ಲಿಗೆ ಮುಟ್ಟಿಸಿ ಬಂದ. ಅಂಬುಜಮ್ಮನಿಗೆ ಗಂಡುಮಗುವಾಯಿತು, ತಾಯಿ ಮಗು ಚೆನ್ನಾಗಿದ್ದರು. ತಂಗಿಯನ್ನು ವಾಪಸು ಕರೆಯುವ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಛತ್ರದ ಹಿಂಭಾಗದ ಹೊಗೆ ಹಿಡಿದ ಅಡುಗೆಮನೆಯಲ್ಲಿ ಕೌಸಲ್ಯಮ್ಮನ ವರ್ಷಗಳು ಕಳೆದವು. ಯುಗಾದಿಗೆ ಒಬ್ಬಟ್ಟು, ಚೌತಿಗೆ ಕಡುಬು, ಸಂಕ್ರಾಂತಿಗೆ ಸಿಹಿ ಪೊಂಗಲು ಎಲ್ಲವೂ ಅವಳ ಕೈಯಿಂದಲೇ. ಎಲೆ ಹಾಕಿ ಬಡಿಸುವ ಹೊತ್ತಿಗೆ ಮಾತ್ರ ಅವಳು ಒಳಗೆ ಇರಬೇಕು. ಜೊತೆಗೆ ಕೆಲಸ ಮಾಡುವ ಗಂಗಲಕ್ಷ್ಮಮ್ಮ ಒಮ್ಮೊಮ್ಮೆ ಕೇಳುವಳು, 'ಇವತ್ತೇನ್ ವಿಶೇಷ ಕೌಸಲ್ಯಮ್ಮ, ಈ ಹಬ್ಬ ಯಾಕ್ ಮಾಡ್ತಾರೆ?' ಅವಳು 'ಗೊತ್ತಿಲ್ಲಮ್ಮ' ಎನ್ನುವಳು. ಆದರೆ ಅಮಾವಾಸ್ಯೆ ಮಂಗಳವಾರ ಬಿದ್ದರೆ ಅವಳು ಛತ್ರದ ಗೇಟು ದಾಟುತ್ತಿರಲಿಲ್ಲ. ತರಕಾರಿಗೂ ಹೋಗುತ್ತಿರಲಿಲ್ಲ.

ಎಂಬತ್ತಾರರ ವೈಶಾಖದಲ್ಲಿ ಒಂದು ಮದುವೆಗೆ ಬಂದಿದ್ದ ಶಿವರುದ್ರಮ್ಮ ಅವಳನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದಳು. ತಲೆ ಪೂರ್ತಿ ನೆರೆತಿತ್ತು. ಗುರುತು ಹಿಡಿದು ತಬ್ಬಿಕೊಂಡು ಅತ್ತಳು.

'ಮಗೂ ವಿಷಯ ಕೇಳ್ದೆ ಕಣವ್ವ. ಬಂದು ನೋಡೋಕೆ ಮುಖ ಇರ್ಲಿಲ್ಲ.' ಮಣೆಯ ಮೇಲೆ ಕೂತು ಉಸಿರೆಳೆದುಕೊಂಡಳು. 'ಒಂದು ಹೇಳ್ಬೇಕು ನಿಂಗೆ. ನಿನ್ನ ಮನೇನ ಮುಳ್ಳು ಹಾಕಿ ಮುಚ್ಚಿದ್ವಿ ಅಲ್ವಾ? ಎರಡು ತಿಂಗಳಿಗೇ ನಮ್ಮೆಜಮಾನ್ರು ತೆಗೆಸಿಬುಟ್ರು. ಬಾಡಿಗೆಗೆ ಕೊಟ್ರು. ಯಾರಿಗೂ ಏನೂ ಆಗ್ಲಿಲ್ಲ. ನಮ್ಮೋರು ಇವತ್ತಿಗೂ ಗಟ್ಟಿಯಾಗವ್ರೆ. ಬಂದ ಸಂಸಾರಕ್ಕೆ ಮನೇಲೇ ಎರಡು ಮಕ್ಕಳಾದ್ವು.'

ಕೌಸಲ್ಯಮ್ಮ ಅನ್ನದ ಗಂಜಿ ಬಸಿಯುತ್ತಿದ್ದಳು.

'ನಿನ್ನನ್ನ ಸುಮ್ಮನೆ ಓಡಿಸ್ದೆ' ಎಂದಳು ಶಿವರುದ್ರಮ್ಮ. 'ಪಂಚಕಾನೂ ಇಲ್ಲ ಗಿಂಚಕಾನೂ ಇಲ್ಲ. ಎಲ್ಲಾ ಸುಳ್ಳು ಕಣವ್ವ. ನೀನು ಮನಸ್ಸಿಗೆ ಹಚ್ಕೋಬೇಡ.'

ಕೌಸಲ್ಯಮ್ಮ ಪಾತ್ರೆ ಕೆಳಗಿಟ್ಟಳು. ಪಂಚಕ ಸುಳ್ಳಾದರೆ ಮಂಗಳವಾರವೂ ಸುಳ್ಳು, ಅಮಾವಾಸ್ಯೆಯೂ ಸುಳ್ಳು. ಹಾಗಾದರೆ ಕೊಟ್ಟಿಗೆಯಲ್ಲಿ ಅಣ್ಣ ಕೇಳಿದಾಗ 'ಬೇಡ' ಎಂದದ್ದು ಯಾರು? ಅವಳು ಬಗ್ಗಿ ಶಿವರುದ್ರಮ್ಮನ ಎರಡೂ ಕೈ ಹಿಡಿದುಕೊಂಡಳು.

'ಸುಳ್ಳು ಅನ್ಬೇಡಿ ಶಿವರುದ್ರಮ್ಮನೋರೆ. ನಿಮ್ಮ ದಮ್ಮಯ್ಯ, ಸುಳ್ಳು ಅಂತ ಮಾತ್ರ ಅನ್ಬೇಡಿ. ಅದು ಇದೆ. ನಿಮ್ಮ ಮನೆ ಬಿಟ್ಟು ನನ್ನ ಹಿಂದೆ ಬಂತು, ಅಷ್ಟೆ.'

'ಆಯ್ತು ಬುಡವ್ವ, ಇದೆ' ಎಂದಳು ಮುದುಕಿ.

ಹೊರಗೆ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಅನ್ನ ಎಲ್ಲಿ ಎಂದು ಯಾರೋ ಕೂಗಿದರು. ಕೌಸಲ್ಯಮ್ಮ ಹಿಡಿದ ಕೈ ಬಿಟ್ಟು, ಬಸಿದ ಅನ್ನವನ್ನು ಬಡಿಸುವ ಕೊಳಗಕ್ಕೆ ಸುರಿದು, ಬಾಗಿಲ ತನಕ ತಳ್ಳಿ, ಹೊಸ್ತಿಲ ಒಳಗೇ ನಿಂತಳು.