ಕುತುಬುದ್ದೀನನ ಬಾಟಲಿಗಳು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ ಕುತುಬುದ್ದೀನನಿಗೆ ಹುಳಹುಪ್ಪಟೆಯ ಗೀಳು ಹತ್ತಿದ್ದೇ ಆ ಚೀಲಗಳಿಂದ. ಊರೂರಿನಿಂದ ಬಂದ ಗೋಣಿಗಳೊಳಗಿಂದ ಜೇಡ, ದುಂಬಿ, ಹಾವುರಾಣಿ ಉದುರುತ್ತಿದ್ದವು. ಉಳಿದವರು ಕಾಲಲ್ಲಿ ಹೊಸಕುತ್ತಿದ್ದರು. ಇವನು ಡಬ್ಬಿಯಲ್ಲಿ ಹಿಡಿದು ಕಾಲು, ಪಟ್ಟೆ ಎಣಿಸುತ್ತಿದ್ದ.

ಎಂಬತ್ತಾರನೇ ಇಸವಿಯಲ್ಲಿ ರಾಣೆಬೆನ್ನೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರದ ಮಾಸ್ತರು ರಘೋತ್ತಮರ ಪರಿಚಯವಾಯಿತು. “ಈ ಸೀಮಿಯೊಳಗ ಏನೇನವ ಅಂತ ಯಾರೂ ಬರದಿಟ್ಟಿಲ್ಲ. ನೀ ಹಿಡಕೊಂಡು ಬಾ, ಹೆಸರು ನಾ ಹುಡುಕ್ತೀನಿ,” ಎಂದು ಅವರು ಖಾಲಿ ಬಾಟಲಿಗಳನ್ನೂ, ಸತ್ತದ್ದು ಕೊಳೆಯದಂತೆ ಇಡುವ ಫಾರ್ಮಾಲಿನ್ ದ್ರವವನ್ನೂ ಕೊಟ್ಟರು.

ಆರು ವರ್ಷ ಭಾನುವಾರಗಳೆಲ್ಲ ಕದರಮಂಡಲಗಿ ಊರ ಸುತ್ತಲಿನ ಹೊಲ, ಕಲ್ಲುಗುಡ್ಡಗಳ ನಡುವೆ ಕಳೆದವು. ಬಾಟಲಿಗಳು ಮಾಸ್ತರರ ಕಾಲೇಜಿಗೆ ಹೋಗುವವರೆಗೆ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಇರುತ್ತಿದ್ದವು.

“ತುತ್ತು ಗಂಟಲದಾಗ ಇಳೀವಲ್ದು. ನಿಮಗ ಹೇಸಿಗಿ ಬರೂದಿಲ್ಲೇನು?” ಎಂದು ಹೆಂಡತಿ ರಮಜಾನಬಿ ಕೇಳುತ್ತಿದ್ದಳು.

“ವಿದ್ಯಾ ಐತಿ ಇದು,” ಎನ್ನುತ್ತಿದ್ದ.

ಒಮ್ಮೆ ದಪ್ಪ ಬಾಲದ, ರೆಪ್ಪೆ ಮಿಟುಕಿಸುವ ಹಲ್ಲಿಯೊಂದು ಸಿಕ್ಕಿತು. ದ್ರವಕ್ಕೆ ಇಳಿಸಿದಾಗ ಅದು ಬಹಳ ಹೊತ್ತು ಒದ್ದಾಡಿತು. ಅವನು ಮುಖ ತಿರುಗಿಸಿಕೊಂಡು ಕಾದ. ಮಾಸ್ತರರು ಅದನ್ನು ನೋಡಿ, “ಇದು ಪುಸ್ತಕದಾಗ ಇಲ್ಲ,” ಎಂದರು. ಆ ಮಾತಿನಲ್ಲೇ ಅವನು ಒಂದು ವರ್ಷ ತೇಲಾಡಿದ.

ಹೆಸರು ಸಿಕ್ಕಿತೇ ಎಂದು ಕೇಳಲು ತೊಂಬತ್ತೆರಡರಲ್ಲಿ ಕಾಲೇಜಿಗೇ ಹೋದ. ಜವಾನ ನಾಗಪ್ಪ ಬಾಟಲಿ ಇಟ್ಟಿದ್ದ ಕೋಣೆಯ ಬಾಗಿಲು ತೆಗೆದದ್ದೇ ತಡ, ಕೊಳೆತ ವಾಸನೆ ಮುಖಕ್ಕೆ ಬಡಿಯಿತು. ನೂರಾರು ಬಾಟಲಿ. ಒಳಗೆಲ್ಲ ಬೂದುಬಣ್ಣದ ಲೋಳೆ. ಮೇಲೆ ಅಂಟಿಸಿದ ಚೀಟಿಗಳನ್ನು ಜಿರಳೆ ತಿಂದಿದ್ದವು. ಆ ಹಲ್ಲಿಯದು ಬರೀ ಬೆನ್ನೆಲುಬು ತೇಲುತ್ತಿತ್ತು.

“ಬಾಟಲ್ಯಾಗಿನ ಔಷಧ ಆರಿತ್ರಿ. ಸಾಹೇಬ್ರು ಹೇಳಿದ್ರು, ನಳದ ನೀರು ಹಾಕಿನ್ರಿ,” ಎಂದ ನಾಗಪ್ಪ.

ರಘೋತ್ತಮರು ಬಂದರು. “ಪರೀಕ್ಷಾ ಗದ್ದಲದಾಗ ಪುರಸೊತ್ತೇ ಆಗಲಿಲ್ಲಪ. ಹೋಗ್ಲಿ, ಇನ್ನೊಂದು ತಂದ್ರಾತು.”

ಅವರ ಇಸ್ತ್ರಿ ಅಂಗಿ, ಪಾನು ಅಗಿಯುವ ಬಾಯಿ ನೋಡಿ ಅವನಿಗೆ ಓಕರಿಕೆ ಬಂತು. ಅಂಗಳದಲ್ಲಿ ವಾಂತಿ ಮಾಡಿಕೊಂಡು ನಳದಡಿ ಕೈ ತೊಳೆಯುತ್ತ ನಿಂತಾಗ ಅಸಹ್ಯ ತನ್ನ ಆ ಕೈಗಳ ಮೇಲೆಯೇ ತಿರುಗಿತು. ಕೊಂದದ್ದು ಮಾಸ್ತರರಲ್ಲ.

ಅಂದೇ ಎಲ್ಲವನ್ನೂ ಕಾಲೇಜಿನ ಹಿಂದೆ ಗುಂಡಿ ತೋಡಿ ಹೂತ. ಮಾಸ್ತರರು ತಡೆಯಲಿಲ್ಲ, ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು.

ಆಮೇಲೆ ಅವನು ಕಂಡದ್ದರ ಚಿತ್ರ ನೋಟುಬುಕ್ಕಿನಲ್ಲಿ ಬರೆದು, ಜೀವವನ್ನು ಅಲ್ಲೇ ಬಿಡುತ್ತಿದ್ದ. ಮತ್ತೆ ಮಾದರಿ ಕೇಳಿ ಬಂದ ರಘೋತ್ತಮರಿಗೆ, “ಸತ್ತದ್ದು ಕೇಳಬ್ಯಾಡ್ರಿ. ನೋಡೂದಿದ್ರ ಬರ್ರಿ, ಗುಡ್ಡಕ್ಕ ಹೋಗೂಣು,” ಎಂದ. ಅವರು ಬರಲಿಲ್ಲ.

ತೊಂಬತ್ತೆಂಟರ ಹೊತ್ತಿಗೆ ನಾಲ್ಕು ನೋಟುಬುಕ್ಕು ತುಂಬಿದ್ದವು. ಹಬ್ಬದೂಟಕ್ಕೂ ಅವನು ಚಮಚೆ ಕೇಳುತ್ತಿದ್ದ. ಬರಿಗೈಯಿಂದ ಉಣ್ಣುವುದು ಮಾತ್ರ ಅವನಿಗೆ ಮತ್ತೆ ಆಗಲೇ ಇಲ್ಲ.